ಬ್ಯಾಂಡ್ ಜೊತೆ ಸೋಲೋ ನುಡಿಸಲು ಯಾವ ಪೀಸ್ ತಗೊಳ್ಳಲಿ?

ಟ್ರಂಪೆಟ್, ಟ್ರಾಂಬೋನ್ ಕಲಿಯುತ್ತಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಬ್ಯಾಂಡ್ ಅಂದರೆ ಇಲ್ಲಿ ಪಿಟೀಲಿಲ್ಲದ, ಊದುವ ವಾದ್ಯ ಮತ್ತು ಡ್ರಮ್‌ಗಳ ತಂಡ. ಕೇಳುವಾಗಲೇ ಕೈಯಲ್ಲಿ ಸೋಲೋ ಹಾಳೆ ಇರುತ್ತದೆ. ಎಷ್ಟು ಮೇಲಿನ ಸ್ವರ ಇದೆ, ಎಷ್ಟು ವೇಗ ಬೇಕು ಅಂತ ಅದರಲ್ಲೇ ಹುಡುಕುತ್ತಿರುತ್ತಾರೆ. ಆ ಹಾಳೆ ಪಕ್ಕಕ್ಕಿಡಿ ಅನ್ನುತ್ತೇನೆ. ಬ್ಯಾಂಡ್‌ನ ಪೂರ್ತಿ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸಾಲುಗಳೂ ಒಟ್ಟಿಗೆ ಇರುವ ಪುಸ್ತಕ ತರಿಸಿ, ನೀವು ಸುಮ್ನೆ ನಿಂತಿರುವ ಬಾರ್‌ಗಳನ್ನು (ತಾಳದ ಆವರ್ತಗಳನ್ನು) ಮೊದಲು ಎಣಿಸಿ.

ನಮ್ಮ ವಾದ್ಯದಲ್ಲಿ ಸದ್ದು ಹುಟ್ಟುವುದು ತುಟಿಯ ಅದುರುವಿಕೆಯಿಂದ. ಪಿಟೀಲಿನವರ ಹಾಗೆ ಬಿಡದೆ ನುಡಿಸುತ್ತಾ ಹೋಗಲು ತುಟಿ ಬಿಡುವುದಿಲ್ಲ. ನನ್ನ ಮೊದಲ ಸೋಲೋ ಪಿಯಾನೋ ಜೊತೆ ಚೆನ್ನಾಗಿಯೇ ಕೂತಿತ್ತು. ಬ್ಯಾಂಡ್ ಮುಂದೆ ನಿಂತಾಗ ಕ್ಲಾರಿನೆಟ್‌ಗಳು, ಟ್ರಂಪೆಟ್ ಥರದ್ದೇ ಆದ ಕಾರ್ನೆಟ್‌ಗಳು ಎಲ್ಲ ನನ್ನ ಸ್ಥಾಯಿಯಲ್ಲೇ ನುಡಿಸುತ್ತಿದ್ದವು. ಕೇಳಿಸಲೇಬೇಕು ಅಂತ ಜೋರಾಗಿ ಊದಿದೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸ್ವರ ಒಡೆಯಿತು. ಆ ರಾತ್ರಿ ತುಂಬಾ ಅತ್ತೆ.

ಹಳೆಯ ಸೋಲೋಗಳ ಬೆಲೆ ನನಗೆ ಗೊತ್ತಾಗಿದ್ದು ಆಮೇಲೆ. ಫ್ರಾನ್ಸಿನ ಆರ್ಬನ್ ಕಾರ್ನೆಟ್‌ಗೆ ಬರೆದ ‘ಕಾರ್ನಿವಲ್ ಆಫ್ ವೆನಿಸ್’ ನೋಡಿ. ಅಮೆರಿಕದ ಆರ್ಥರ್ ಪ್ರಯರ್ ಟ್ರಾಂಬೋನ್‌ಗೆ ಬರೆದ ‘ಬ್ಲೂ ಬೆಲ್ಸ್ ಆಫ್ ಸ್ಕಾಟ್‌ಲ್ಯಾಂಡ್’ ನೋಡಿ. ಒಂದು ಸರಳ ಹಾಡು, ಆಮೇಲೆ ಅದೇ ಹಾಡನ್ನು ಬದಲಿಸಿ ಬದಲಿಸಿ ನುಡಿಸುವ ವೇರಿಯೇಷನ್‌ಗಳು, ಒಂದರ ಹಿಂದೊಂದು. ನಡುನಡುವೆ ಬ್ಯಾಂಡ್ ಮುಂದೆ ಬರುತ್ತದೆ, ಆಗ ನಿಮ್ಮ ತುಟಿಗೆ ಬಿಡುವು. ನೀವು ಓಡುವಾಗ ಬ್ಯಾಂಡ್ ಮೆಲ್ಲಗೆ ತಾಳ ಹಿಡಿದಿರುತ್ತದೆ, ಅಷ್ಟೆ. ಪ್ರಯರ್ ಅಮೆರಿಕದ ಹೆಸರಾಂತ ಬ್ಯಾಂಡ್ ನಾಯಕ ಸೂಸಾ ಅವರ ಬ್ಯಾಂಡ್‌ನಲ್ಲಿ ವರ್ಷಗಟ್ಟಲೆ ಸೋಲೋ ನುಡಿಸಿದವರು. ಊದುವವರ ಕಷ್ಟ ಅವರಿಗೆ ಗೊತ್ತಿತ್ತು.

ಟ್ರಾಂಬೋನ್‌ನವರಿಗೆ ಇನ್ನೊಂದಿದೆ. ಸಂಗೀತ ರಚನೆಕಾರ ರಿಮ್ಸ್ಕಿ-ಕೊರ್ಸಕೋವ್ ರಷ್ಯದ ನೌಕಾಪಡೆಯ ಬ್ಯಾಂಡ್‌ಗಳ ಇನ್ಸ್‌ಪೆಕ್ಟರ್ ಆಗಿದ್ದವರು. 1877ರಲ್ಲಿ ಅವರು ಟ್ರಾಂಬೋನ್ ಕನ್ಸರ್ಟೋವನ್ನು (ಒಬ್ಬ ಸೋಲೋ ವಾದಕ ಮತ್ತು ತಂಡಕ್ಕೆ ಬರೆದ ರಚನೆ) ಮಿಲಿಟರಿ ಬ್ಯಾಂಡ್‌ಗೆಂದೇ ಬರೆದರು. ಸುಮಾರು 10 ನಿಮಿಷ. ಇಲ್ಲಿ ಬ್ಯಾಂಡ್ ಬೇರೆಯವರ ಬಟ್ಟೆ ತೊಟ್ಟ ಹಾಗೆ ಅನ್ನಿಸುವುದೇ ಇಲ್ಲ.

ಟ್ರಂಪೆಟ್‌ನವರು ಮಾತ್ರ ಆಸ್ಟ್ರಿಯಾದ ರಚನೆಕಾರ ಹೈಡನ್ ಅವರ ಟ್ರಂಪೆಟ್ ಕನ್ಸರ್ಟೋ ಬಿಟ್ಟು ಬೇರೆ ಕೇಳುವುದೇ ಅಪರೂಪ. 1796ರ ಆ ಕನ್ಸರ್ಟೋ ನನಗೂ ಪ್ರಾಣ. ಆದರೆ ಅದು ಪಿಟೀಲುಗಳಿರುವ ಆರ್ಕೆಸ್ಟ್ರಾಗೆ ಬರೆದದ್ದು. ಬ್ಯಾಂಡ್‌ಗೆ ತಂದಾಗ ಪಿಟೀಲಿನ ಸಾಲುಗಳು ಜಾಸ್ತಿ ಕ್ಲಾರಿನೆಟ್‌ಗಳಿಗೆ ಹೋಗುತ್ತವೆ. ಎರಡು ಸಲ ರಿಹರ್ಸಲ್ ಮಾಡಿದ ಬ್ಯಾಂಡ್‌ಗೆ ಕೊನೆಯ ಭಾಗದ ಆ ಓಟ ಹಗುರವಾಗಿ ಬರುವುದು ಕಷ್ಟ, ಅಲ್ವಾ? ಮೊದಲ ಸಲ ನಿಲ್ಲುವವರಿಗೆ ನಾನು ಎರಡನೆಯ ಭಾಗವನ್ನಷ್ಟೇ ಕೊಡುತ್ತೇನೆ. ನಾಲ್ಕು ನಿಮಿಷದ ಒಳಗೆ ಮುಗಿಯುವ ನಿಧಾನದ ಹಾಡು ಅದು.

ಇನ್ನು ಜಾಗ. ದಸರಾದಲ್ಲಿ ಮೈಸೂರು ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿದವರಿಗೆ ಗೊತ್ತು, ಬಯಲಲ್ಲಿ ಸದ್ದು ತಿರುಗಿ ಬರುವುದಿಲ್ಲ. ಕೆಳಗಿನ ಸ್ವರಗಳ ವೇಗದ ಓಟ ಮುಂದಿನ ಸಾಲು ದಾಟುವಷ್ಟರಲ್ಲೇ ಕರಗಿಹೋಗುತ್ತದೆ. ಉದ್ದನೆಯ ಸ್ವರ ಹಿಂದೆ ನಿಂತವರವರೆಗೂ ಹೋಗುತ್ತದೆ. ಬಯಲಲ್ಲಿ ನುಡಿಸುವುದಾದರೆ ವೇರಿಯೇಷನ್ ಒಂದೆರಡು ಬಿಡಿ, ಹಾಡನ್ನು ಪೂರ್ತಿ ನುಡಿಸಿ.