"ಯಾರ ಕಡಿಂದ ಹೇಳಸಬೇಕ್ರಿ?" ಎನ್ನುವವರಿಗೆ ನನ್ನ ಉತ್ತರ

ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಇಂಡಿ, ಸಿಂದಗಿ ಕಡೆಯಿಂದ ನನ್ನ ಆಫೀಸಿಗೆ ಹುಡುಗರು, ಹುಡುಗಿಯರು ಬರುತ್ತಾರೆ. ಒಬ್ಬರ ಫೋನಿನಲ್ಲಿ ಒಣದ್ರಾಕ್ಷಿ ವಿಂಗಡಿಸುವ ಯಂತ್ರದ ಚಿತ್ರ, ಇನ್ನೊಬ್ಬರ ಚೀಲದಲ್ಲಿ ಲಿಂಬೆಹಣ್ಣಿನ ಸಿಪ್ಪೆಯಿಂದ ತೆಗೆದ ಎಣ್ಣೆಯ ಸೀಸೆ. ಹೊಸ ಆವಿಷ್ಕಾರಕ್ಕೆ ಸರಕಾರ ಕೊಡುವ ನೆರವಿಗೆ ಅರ್ಜಿ ಹಾಕಬೇಕಾಗಿರುತ್ತದೆ. ನಾನು ಸಿಎ, ಲೆಕ್ಕಪತ್ರದ ಕೆಲಸ ನನ್ನದು. ಚಹಾ ಮುಗಿಯುವುದರೊಳಗೆ ಎಲ್ಲರದೂ ಅದೇ ಪ್ರಶ್ನೆ: "ಅಕ್ಕಾರ, ಇದಕ್ಕ ಯಾರ ಕಡಿಂದ ಹೇಳಸಬೇಕ್ರಿ?"

ಈ ಪ್ರಶ್ನೆ ಕೇಳಿದರೆಂದು ನಾನು ಯಾರನ್ನೂ ಬೈಯುವುದಿಲ್ಲ. ಹೊಲಕ್ಕೆ ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಕೂಡಿಸುವುದಿರಲಿ, ಬೋರ್‌ವೆಲ್ ಮಂಜೂರಾಗುವುದಿರಲಿ, ಯಾರೋ ಒಬ್ಬರು ಹೇಳಿದ ಮೇಲೆಯೇ ಆಗಿದ್ದನ್ನು ಅವರು ಮನೆಯಲ್ಲಿ ನೋಡುತ್ತ ಬೆಳೆದಿದ್ದಾರೆ. ನನ್ನ ಉತ್ತರ ಮಾತ್ರ ಪ್ರತಿ ಸಲ ಒಂದೇ: ಯಾರ ಕಡೆಯಿಂದಲೂ ಹೇಳಿಸಬೇಡಿ. ರೊಕ್ಕ ಕೊಡುವ ಸಂಸ್ಥೆ ಯಾವ ಕಾಗದದಿಂದ ಹುಟ್ಟಿದೆ ಎಂದು ಮೊದಲು ನೋಡಿ. ರೊಕ್ಕ ಎಲ್ಲಿಂದ ಬರುತ್ತದೆ, ಯಾರು ತೀರ್ಮಾನ ಮಾಡುತ್ತಾರೆ, ಇಲ್ಲ ಎಂದರೆ ಯಾರನ್ನು ಕೇಳಬೇಕು, ಪ್ರಯೋಗ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನೆಲ್ಲ ಆ ಕಾಗದ ಹೇಳುತ್ತದೆ.

ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯನ್ನೇ ತಗೊಳ್ಳಿ. ಟಿಡಿಬಿ ಅಂತಾರೆ. ಅದು ಸಂಸತ್ತು 1995ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿ, 1996ರಲ್ಲಿ ಕೆಲಸ ಶುರು ಮಾಡಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ ಅದರ ಅಧ್ಯಕ್ಷರು. ಬೇರೆ ಇಲಾಖೆಗಳ ಕಾರ್ಯದರ್ಶಿಗಳ ಜೊತೆಗೆ ಬ್ಯಾಂಕಿಂಗ್, ಉದ್ಯಮ, ಕೃಷಿಯಂಥ ಕ್ಷೇತ್ರಗಳ ಅನುಭವಿಗಳೂ ಮಂಡಳಿಯಲ್ಲಿ ಕೂಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಸರಕಾರ ಬದಲಾಯಿತೆಂದು ಈ ಏರ್ಪಾಡನ್ನು ಒಂದು ಆದೇಶದಿಂದ ಅಳಿಸಲು ಬರುವುದಿಲ್ಲ, ಮತ್ತೆ ಸಂಸತ್ತಿಗೇ ಹೋಗಬೇಕು. ಮಂಡಳಿಗೆ ತನ್ನದೇ ಒಂದು ನಿಧಿಯನ್ನೂ ಅದೇ ಕಾಯ್ದೆ ಕೊಟ್ಟಿದೆ. ಇಲಾಖೆಯ ಬಜೆಟ್ ರೊಕ್ಕ ಖರ್ಚಾಗದೆ ಉಳಿದರೆ ಮಾರ್ಚ್ 31ಕ್ಕೆ ಅದರ ಆಯುಷ್ಯ ಮುಗಿಯಿತು. ಕಾಯ್ದೆಯ ನಿಧಿಯೊಳಗೆ ಸೇರಿದ ರೊಕ್ಕ ಹಾಗೆ ತಾನಾಗಿ ಹೊರಟು ಹೋಗುವುದಿಲ್ಲ. ದ್ರಾಕ್ಷಿಯವರಿಗೆ ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಮುಂದೆ ಹೇಳುತ್ತೇನೆ.

ಈ ನಿಧಿಯ ಕಥೆಯಲ್ಲಿ ನನಗೆ ಇವತ್ತಿಗೂ ಸಂಕಟವಾಗುವ ಒಂದು ಸಂಗತಿ ಇದೆ. ಹೊರದೇಶದ ತಂತ್ರಜ್ಞಾನ ತರಿಸಿಕೊಳ್ಳುವ ಕಂಪನಿಗಳು ಅದಕ್ಕೆ ಕೊಡುವ ಹಣದ ಮೇಲೆ ಶೇ. 5ರವರೆಗೆ ಸೆಸ್, ಅಂದರೆ ಒಂದು ಉದ್ದೇಶಕ್ಕೆಂದೇ ಹಾಕುವ ತೆರಿಗೆ, ಕಟ್ಟಬೇಕೆಂದು 1986ರಲ್ಲೇ ಕಾಯ್ದೆ ಆಗಿತ್ತು. ಹೊರಗಿನ ತಂತ್ರಜ್ಞಾನ ಕೊಂಡವರ ರೊಕ್ಕದಿಂದ ನಮ್ಮವರ ತಂತ್ರಜ್ಞಾನ ಬೆಳೆಸುವುದು. ಎಷ್ಟು ನ್ಯಾಯವಾದ ಯೋಚನೆ! ಆದರೆ ಸೆಸ್ ನೇರವಾಗಿ ಮಂಡಳಿಯ ಕೈಗೆ ಬರುತ್ತಿರಲಿಲ್ಲ. ಮೊದಲು ಕೇಂದ್ರದ ಸಂಚಿತ ನಿಧಿಗೆ, ಅಂದರೆ ಸರಕಾರದ ದೊಡ್ಡ ಖಜಾನೆಗೆ ಹೋಗಿ, ಅಲ್ಲಿಂದ ಸಂಸತ್ತಿನ ಒಪ್ಪಿಗೆಯ ಮೇಲೆ ಬಜೆಟ್ ಮೂಲಕ ಇಳಿದು ಬರಬೇಕಿತ್ತು. ಸಂಗ್ರಹವಾದದ್ದರಲ್ಲಿ ಒಂದು ಪಾಲು ಮಾತ್ರ ಮಂಡಳಿಗೆ ಇಳಿಯಿತು ಎಂದು ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಎತ್ತಿ ತೋರಿಸಿದವು. 2017ರಲ್ಲಿ ಸೆಸ್ಸೇ ರದ್ದಾಯಿತು. ಕಾಲುವೆ ಕಟ್ಟಿ ಗೇಟಿನ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟರೆ ಕೊನೆಯ ಹೊಲಕ್ಕೆ ಎಷ್ಟು ನೀರು ಬರುತ್ತದೆ ಎಂದು ಆಲಮಟ್ಟಿ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ನಿಧಿಗೆ ಕಾಯ್ದೆ ಇದ್ದರಷ್ಟೇ ಸಾಲದು, ಅದಕ್ಕೆ ನೀರು ಬರುವ ದಾರಿಗೂ ಕಾಯ್ದೆಯ ಕಾವಲು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. ಟಿಡಿಬಿ ಮುಖ್ಯವಾಗಿ ಕೊಡುವುದು ಸಾಲ. ಯೋಜನಾ ವೆಚ್ಚದ ಅರ್ಧದವರೆಗೆ, ಶೇ. 5ರ ಸರಳ ಬಡ್ಡಿಗೆ. "ಸರಕಾರದ ರೊಕ್ಕ, ವಾಪಸ್ ಕೊಡೂದಿಲ್ಲ" ಅಂದುಕೊಂಡು ಬಂದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಹುಟ್ಟಿದ್ದೂ ಕಾಯ್ದೆಯಿಂದಲೇ, 2023ರಲ್ಲಿ. ಅದರ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಕಾರ್ಯಕಾರಿ ಪರಿಷತ್ತಿಗೆ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರು ಮುಖ್ಯಸ್ಥರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು ಹಾಕಿದ್ದು, ಅದರಲ್ಲಿ ಸರಕಾರದ ಪಾಲು 14,000 ಕೋಟಿ, ಉಳಿದದ್ದು ಉದ್ಯಮ, ದಾನಿಗಳು ಮುಂತಾದ ಕಡೆಯಿಂದ ಬರಬೇಕು. ಅದರ ಸಂಶೋಧನಾ ಅನುದಾನ ಕಾಲೇಜು, ವಿಶ್ವವಿದ್ಯಾಲಯ, ಪ್ರಯೋಗಶಾಲೆಗಳವರಿಗೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಹೊಂದುವ ಬಾಗಿಲು, ತಿಕೋಟಾದ ಹುಡುಗ ನೇರವಾಗಿ ತಟ್ಟುವಂಥದ್ದಲ್ಲ.

ಜೈವಿಕ ತಂತ್ರಜ್ಞಾನದ ಹೊಸ ಪ್ರಯೋಗಗಳಿಗೆ ನೆರವು ಕೊಡುವ ಬೈರಾಕ್ ಬೇರೆ ಜಾತಿಯದು. 2012ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಅದನ್ನು ಲಾಭಕ್ಕಾಗಿ ಅಲ್ಲದ ಕಂಪನಿಯಾಗಿ ಕಟ್ಟಿತು. ಕಂಪನಿ ಅಂದಮೇಲೆ ನಿರ್ದೇಶಕರ ಮಂಡಳಿ, ಕಂಪನಿ ಕಾಯ್ದೆಯ ಲೆಕ್ಕ ಎಲ್ಲ ಇರುತ್ತದೆ, ಆದರೂ ಅದು ಸರಕಾರದ್ದೇ. ಲಿಂಬೆ ಸಿಪ್ಪೆಯ ಹುಡುಗಿಗೆ ನಾನು ತೋರಿಸಿದ್ದು ಅವರ ಬಿಗ್ (ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್) ಅನುದಾನವನ್ನು: 50 ಲಕ್ಷದವರೆಗೆ, 18 ತಿಂಗಳ ಅವಧಿಗೆ, ಕಂತು ಕಂತಾಗಿ. ಸ್ಟಾರ್ಟಪ್‌ಗಳಿಗಿರುವ ನಮ್ಮ ರಾಜ್ಯದ ಎಲಿವೇಟ್ ಯೋಜನೆಯಲ್ಲಿಯೂ 50 ಲಕ್ಷದವರೆಗೆ ಅನುದಾನ ಇದೆ. ಅದು ನಿಂತಿರುವುದು ರಾಜ್ಯದ ಸ್ಟಾರ್ಟಪ್ ನೀತಿ ಮತ್ತು ಸರಕಾರಿ ಆದೇಶಗಳ ಮೇಲೆ. ನೀತಿ ಬದಲಾದರೆ ನಿಯಮವೂ ಬದಲಾಗುತ್ತದೆ, ಹಾಗಾಗಿ ಹೋದ ವರ್ಷದ ಗೆಳೆಯನ ಅರ್ಜಿ ನೋಡಿ ನಿಮ್ಮದನ್ನು ಬರೆಯಬೇಡಿ. 2020ರ ಕರ್ನಾಟಕ ನಾವೀನ್ಯತಾ ಪ್ರಾಧಿಕಾರ ಕಾಯ್ದೆಯನ್ನೂ ಕೆಲವರು ಇದರ ಜೊತೆ ಕಲಸಿಕೊಳ್ಳುತ್ತಾರೆ. ಆ ಪ್ರಾಧಿಕಾರ ಇರುವುದು ರೊಕ್ಕ ಹಂಚುವುದಕ್ಕಲ್ಲ. ಹೊಸ ತಂತ್ರಜ್ಞಾನಕ್ಕೆ ಹಳೆಯ ನಿಯಮ ಅಡ್ಡ ಬಂದರೆ, ಪರೀಕ್ಷೆ ಮಾಡಿ ನೋಡಲು ಒಂದು ಅವಧಿಗೆ ವಿನಾಯಿತಿ ಕೊಡುವುದಕ್ಕೆ.

ಈಗ ಹೇಳಿಸುವ ಮಾತಿಗೆ ಬರೋಣ. ಇಂಥ ಕಡೆಗಳಲ್ಲಿ ಅರ್ಜಿಯನ್ನು ತೂಗುವುದು ತಜ್ಞರ ಸಮಿತಿ, ಮಂಜೂರು ಮಾಡುವುದು ಅದರ ಮೇಲಿನವರು. ಸಮಿತಿಯಲ್ಲಿ ಕೂತವರಿಗೆ ಅರ್ಜಿದಾರರ ಜೊತೆ ನಂಟೋ ವ್ಯವಹಾರವೋ ಇದ್ದರೆ ಅದನ್ನು ಹೇಳಿ ಹೊರಗೆ ಉಳಿಯಬೇಕು. ಒಬ್ಬ ಹುಡುಗ ಬಿಡಲಿಲ್ಲ: "ಸಾಹೇಬ್ರು ಒಂದ್ ಫೋನ್ ಮಾಡಿದ್ರ ಕೆಲಸ ಆಗತೈತಲ್ರಿ ಅಕ್ಕಾರ?" ನಾನು ಕೇಳಿದೆ: "ಆತು ಅಂತ ಇಟಗೋ. ನಾಳೆ ಆಡಿಟ್‌ನವರು ಬಂದು ಇಷ್ಟು ಅಂಕ ಯಾಕ ಕೊಟ್ರಿ ಅಂತ ಕೇಳಿದ್ರ, ಕಡತದಾಗ ಏನ್ ಬರದಿರತೈತಿ?" ಸರಕಾರ ಸವಲತ್ತು ಹಂಚುವಾಗ ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ, ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ತಕ್ಕಂತೆ ನಡೆಯಬೇಕು ಎಂದು ಸುಪ್ರೀಂ ಕೋರ್ಟು 1979ರಲ್ಲಿ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ಹೇಳಿದೆ. ಫೋನಿನಿಂದ ಬಂದ ಮಂಜೂರಾತಿ ಪ್ರಶ್ನೆ ಬಂದ ದಿನ ನಿಲ್ಲುವುದಿಲ್ಲ. ಆವಾಗ ಫೋನ್ ಮಾಡಿದವರು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ಅರ್ಜಿ ತಿರಸ್ಕಾರವಾದರೆ? ಮಾಹಿತಿ ಹಕ್ಕು ಕಾಯ್ದೆ ಇದೆ. ಕಾಯ್ದೆಯ ಮಂಡಳಿ ಇರಲಿ, ಸರಕಾರಿ ಕಂಪನಿ ಇರಲಿ, ಸಾರ್ವಜನಿಕ ಪ್ರಾಧಿಕಾರವಾದ ಮೇಲೆ 30 ದಿನದೊಳಗೆ ಉತ್ತರ ಕೊಡಬೇಕು. ಗೆದ್ದವನ ಯಂತ್ರದ ನಕ್ಷೆ ಕೇಳಬೇಡಿ. ಅದು ವ್ಯಾಪಾರದ ಗುಟ್ಟು, ಕಲಂ 8(1)(ಡಿ) ಅದನ್ನು ಕಾಯುತ್ತದೆ, ನಾಳೆ ನಿಮ್ಮ ಗುಟ್ಟನ್ನೂ ಅದೇ ಕಾಯುತ್ತದೆ. ನಿಮ್ಮ ಸ್ವಂತ ಅಂಕಪಟ್ಟಿ ಕೇಳಿ, ಸಮಿತಿ ನಿಮ್ಮ ಅರ್ಜಿಯ ಬಗ್ಗೆ ಬರೆದ ಷರಾ ಕೇಳಿ. ಅದನ್ನು ಓದಿ ಎರಡನೇ ಸಲ ಅರ್ಜಿ ಬರೆದವರ ಕಾಗದ ಎಷ್ಟು ಗಟ್ಟಿಯಾಗಿರುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯ ಬಾಗಿಲು ಹೈಕೋರ್ಟಿನ ರಿಟ್, ಅಂದರೆ ಸರಕಾರಿ ಸಂಸ್ಥೆಯ ತೀರ್ಮಾನವನ್ನು ಪ್ರಶ್ನಿಸಿ ಹಾಕುವ ಅರ್ಜಿ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ನಮ್ಮ ವಿಜಯಪುರಕ್ಕೆ ಕಲಬುರಗಿ ಪೀಠ. ಕೋರ್ಟು ಕಲಬುರಗಿಯಲ್ಲಿದೆ ಅಂದಮೇಲೆ ನಾವೂ ಎಲಿವೇಟ್‌ನ ಕಲ್ಯಾಣ ಕರ್ನಾಟಕದ ವಿಶೇಷ ಸುತ್ತಿಗೆ ಸೇರುತ್ತೇವೆ ಎಂದು ತಿಳಿದು ಅರ್ಜಿ ಹಾಕಿ ಕೂತವರಿದ್ದಾರೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ವಿಧಿಯ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಇಲ್ಲ, ನಾವು ಕಿತ್ತೂರು ಕರ್ನಾಟಕದವರು. ರಿಟ್‌ನಲ್ಲಿಯೂ ಕೋರ್ಟು ನಿಮ್ಮ ಯಂತ್ರಕ್ಕೆ ಹೊಸದಾಗಿ ಅಂಕ ಹಾಕುವುದಿಲ್ಲ. ಸಂಸ್ಥೆಯವರು ತಾವೇ ಹಾಕಿಕೊಂಡ ನಿಯಮದಂತೆ ನಡೆದರೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತದೆ.

ರೊಕ್ಕ ಬಂದ ಮೇಲಿನ ಕಥೆಯನ್ನು ಮಾತ್ರ ಯಾರೂ ಕೇಳುವುದಿಲ್ಲ, ನನ್ನ ಹತ್ತಿರ ಬರುವವರು ಅತಿ ಹೆಚ್ಚು ಪೆಟ್ಟು ತಿನ್ನುವುದು ಅಲ್ಲೇ. ಒಣದ್ರಾಕ್ಷಿ ಯಂತ್ರ ಮಾಡುತ್ತಿದ್ದ ಇಬ್ಬರು ಗೆಳೆಯರಿಗೆ ಮೊದಲ ಕಂತು ಬಂತು. ಅದು ಬಂದು ಬಿದ್ದದ್ದು ಅವರ ಹಳೆಯ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಗೆ. ಅಲ್ಲಿ ಮೊದಲೇ ಸಾಲ ಎತ್ತಿದ್ದರು. ಬಂದ ರೊಕ್ಕ ಬಂದ ದಿನವೇ ಸಾಲಕ್ಕೆ ಜಮಾ ಆಯಿತು. ಅದೇ ಖಾತೆಯಿಂದ ಮತ್ತೆ ಎತ್ತಿ ಮೋಟಾರು, ಜರಡಿ, ಕ್ಯಾಮೆರಾ ಎಲ್ಲ ಕೊಂಡರು, ಒಂದು ಪೈಸೆ ತಿನ್ನಲಿಲ್ಲ. ಆದರೆ ಕಾಗದದ ಮೇಲೆ ಅನುದಾನ ಸಾಲ ತೀರಿಸಲು ಹೋಗಿತ್ತು, ಯಂತ್ರ ಬಂದದ್ದು ಸಾಲದ ರೊಕ್ಕದಿಂದ.

ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ. ಖರ್ಚಾದದ್ದಕ್ಕೆ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು, ಯುಸಿ ಅಂತೀವಿ. ಅನುದಾನದ ಮೇಲೆ ಬಂದ ಬಡ್ಡಿಯೂ ಸರಕಾರದ್ದೇ. ಅನುದಾನದಿಂದ ಕೊಂಡ ಆಸ್ತಿಯನ್ನು ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಆ ಇಬ್ಬರ ಲೆಕ್ಕ ಈ ನಮೂನೆಗೆ ಹೊಂದಲೇ ಇಲ್ಲ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು, ವಿವರಣೆ ಪತ್ರ ಎಂದು ತಿಂಗಳುಗಟ್ಟಲೆ ಓಡಾಡಿದೆವು. ಎರಡನೇ ಕಂತು ಬಂದಾಗ ಜೂನ್. ನಮ್ಮಲ್ಲಿ ದ್ರಾಕ್ಷಿ ಕೊಯ್ದು ಶೆಡ್ಡಿನಲ್ಲಿ ಒಣಹಾಕುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಪರೀಕ್ಷೆ ಮಾಡಲು ಹಣ್ಣೇ ಇರಲಿಲ್ಲ, ಪೂರ್ತಿ ಒಂದು ವರ್ಷ ಹೋಯಿತು.

ಆ ಹುಡುಗರ ತಪ್ಪಿತ್ತು, ನಾನು ಮೊದಲೇ ಕೇಳದೇ ಬಿಟ್ಟದ್ದೂ ತಪ್ಪು. ಆದರೆ ವ್ಯವಸ್ಥೆಗೂ ಒಂದು ಮಾತು ಹೇಳಲೇಬೇಕು. ಹಣಕಾಸು ವರ್ಷ ಮುಗಿಯುವ ಮಾರ್ಚ್ ತಿಂಗಳಿಗೇ ನಮ್ಮ ಸುಗ್ಗಿ. ಕಂತು ಬಿಡುವವರು ಲೆಕ್ಕ ಮುಚ್ಚುವ ಗಡಿಬಿಡಿಯಲ್ಲಿರುವಾಗ ಇಲ್ಲಿ ಶೆಡ್ಡು ತುಂಬಿರುತ್ತದೆ. ಮಾರ್ಚ್ 31ಕ್ಕೆ ಬತ್ತದ ನಿಧಿ ಬೇಕು, ಬೆಳೆಗೆ ತಕ್ಕಂತೆ ಕಂತಿನ ತಿಂಗಳು ಗೊತ್ತುಮಾಡುವ ಅಧಿಕಾರ ಸಮಿತಿಗೆ ಇರಬೇಕು ಎಂದು ನಾನು ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಕೃಷಿಗೆ ಸಂಬಂಧಿಸಿದ ಆವಿಷ್ಕಾರದಲ್ಲಿ ಮೂರು ತಿಂಗಳ ತಡ ಅಂದರೆ ಒಂದು ವರ್ಷದ ತಡ.

ಪ್ರಯೋಗ ಸೋತರೆ ಗತಿ ಏನು ಎಂದು ಹುಡುಗಿಯರೇ ಹೆಚ್ಚು ಕೇಳುತ್ತಾರೆ, ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿರುತ್ತದೆ. ಅನುದಾನವಾಗಿದ್ದು, ಒಪ್ಪಂದದಂತೆ ನಡೆದು, ಲೆಕ್ಕ ಒಪ್ಪಿಸಿ, ಪ್ರಯೋಗ ಫಲ ಕೊಡದಿದ್ದರೆ ಸಾಮಾನ್ಯವಾಗಿ ರೊಕ್ಕ ವಾಪಸ್ ಕೇಳುವುದಿಲ್ಲ. ಬೇರೆ ಕೆಲಸಕ್ಕೆ ಬಳಸಿದರೆ ಬಡ್ಡಿ ಸಹಿತ ಕೇಳುತ್ತಾರೆ. ಸಾಲವಾದರೆ ಸೋತರೂ ಕಟ್ಟಬೇಕು. ಸಹಿ ಮಾಡುವ ಮೊದಲು ಒಪ್ಪಂದದಲ್ಲಿ ಆ ಕಲಮಿನ ಕೆಳಗೆ ಗೆರೆ ಎಳೆದು ಮನೆಯವರಿಗೆ ಓದಿ ಹೇಳಿ.

ಹೋದ ವಾರ ತಿಕೋಟಾದಿಂದ ಬಂದವನಿಗೆ ಮಂಜೂರಾತಿ ಪತ್ರ ಬಂದಿದೆ. ಬೇರೆ ಉಳಿತಾಯ ಖಾತೆ ತೆಗೆಸಿದೆ, ಅನುದಾನ ಬಿಟ್ಟು ಅದರೊಳಗೆ ಏನೂ ಬರುವುದಿಲ್ಲ, ಹೋಗುವುದಿಲ್ಲ. ಒಪ್ಪಂದವನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿಕೊಂಡು ಓದುತ್ತಿದ್ದೇವೆ. ಎಂಟನೇ ಪುಟದಲ್ಲಿ ನಿಂತಿದ್ದೇವೆ, ಸೋಮವಾರ ಮತ್ತೆ ಬರುತ್ತಾನೆ.