ಸಾರಾಗಢಿಯ ಆಮೇಲೆ ತಿರಾ

ಸೆಪ್ಟೆಂಬರ್ 12, 2025, ಶುಕ್ರವಾರ

ಇವತ್ತು ಸಾರಾಗಢಿ ದಿನ. ಬೆಳಿಗ್ಗೆಯಿಂದ ಫೋನಿನಲ್ಲಿ ಅದೇ ಸಂದೇಶ ಸುತ್ತುತ್ತಿದೆ. ಬ್ರಿಟಿಷರ ಸೈನ್ಯದ 21 ಸಿಖ್ ಸೈನಿಕರು, ಎದುರಿಗೆ ಸಾವಿರಾರು ಪಠಾಣರು.

ಆ 21 ಜನರ ಮೇಲೆ ನನಗೂ ತುಂಬಾ ಗೌರವ. ಅದರಲ್ಲೂ ಗುರುಮುಖ್ ಸಿಂಗ್ ಎಂಬ ಹುಡುಗನ ಮೇಲೆ. ಈಗ ಪಾಕಿಸ್ತಾನದಲ್ಲಿರುವ ಸಮಾನಾ ಎಂಬ ಬೆಟ್ಟಸಾಲಿನ ಲಾಕ್‌ಹಾರ್ಟ್ ಕೋಟೆಗೂ ಗುಲಿಸ್ತಾನ್ ಕೋಟೆಗೂ ಪರಸ್ಪರ ನೋಟ ಸಿಗುತ್ತಿರಲಿಲ್ಲ. ನಡುವೆ ಸಾರಾಗಢಿ ಠಾಣೆ. ಅಲ್ಲಿಂದ ಕನ್ನಡಿಗೆ ಬಿಸಿಲು ಹಿಡಿದು, ಮಿಂಚಿಸಿ ಮಿಂಚಿಸಿ ಸುದ್ದಿ ದಾಟಿಸಬೇಕು. 1897ರ ಈ ದಿನ ಸುತ್ತ ಗುಂಡು ಹಾರುತ್ತಿದ್ದಾಗಲೂ ಅವನು ಕನ್ನಡಿ ಬಿಡಲಿಲ್ಲ. ಠಾಣೆಯ ಗೋಡೆ ಕುಸಿದ ಮೇಲೆ, ಇದನ್ನು ನಿಲ್ಲಿಸಿ ಬಂದೂಕು ಹಿಡಿಯಲೇ ಎಂದು ಕೇಳಿದ. ಅಪ್ಪಣೆ ಬಂತು. ಕನ್ನಡಿಯನ್ನು ಜೋಪಾನವಾಗಿ ಚೀಲಕ್ಕೆ ಹಾಕಿಟ್ಟು, ಹೋರಾಡಿ ಸತ್ತ.

ಸಂದೇಶಗಳೆಲ್ಲ ಇಲ್ಲಿಗೇ ಮುಗಿಯುತ್ತವೆ. ನನಗೆ ಸಂಕಟವಾಗುವುದು ಅದಕ್ಕೇ. ಎದುರಿಗಿದ್ದವರು ಯಾರು? ಒರಕ್‌ಜೈ ಮತ್ತು ಅಫ್ರಿದಿ ಎಂಬ ಪಠಾಣ ಬುಡಕಟ್ಟುಗಳ ಜನ. 1893ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಅಫ್ಘಾನಿಸ್ತಾನಕ್ಕೂ ನಡುವೆ ಡ್ಯೂರಾಂಡ್ ರೇಖೆ ಎಂಬ ಗಡಿ ಎಳೆಯುವಾಗ ಅವರನ್ನು ಯಾರೂ ಕೇಳಲಿಲ್ಲ. ಅವರ ನೆತ್ತಿಯ ಮೇಲಿನ ಬೆಟ್ಟದಲ್ಲೇ ಕೋಟೆಗಳು ಎದ್ದವು. ಸುಮ್ನೆ ಇರುತ್ತಾರಾ?

ಅಕ್ಟೋಬರ್‌ನಲ್ಲಿ ಬ್ರಿಟಿಷರ ಸೇಡು ಶುರುವಾಯಿತು. ಜನರಲ್ ವಿಲಿಯಂ ಲಾಕ್‌ಹಾರ್ಟ್ 30,000ಕ್ಕೂ ಜಾಸ್ತಿ ಸೈನ್ಯದೊಂದಿಗೆ ಈ ಬುಡಕಟ್ಟುಗಳ ನಾಡಾದ ತಿರಾ ಕಣಿವೆಗೆ ನುಗ್ಗಿದ. ದರ್ಗಾಯ್ ಶಿಖರ ಹತ್ತುವಾಗ ಅವನ ಕಡೆಯವರೂ ತುಂಬಾ ಸತ್ತರು. ಹೆಚ್ಚು ಮಾತಾಡಬೇಕಾದದ್ದು ನವೆಂಬರ್ ಬಗ್ಗೆ. ಸೈನಿಕರು ಹಳ್ಳಿ ಹಳ್ಳಿಗೆ ಹೋಗಿ ದವಸ, ಮೇವು ಹೊತ್ತು ತಂದರು. ಮನೆಗಳಿಗೆ ಬೆಂಕಿ ಇಟ್ಟರು. ಕಾವಲು ಗೋಪುರಗಳನ್ನು ಸಿಡಿಸಿದರು. ಹಿಮ ಬೀಳುವ ಹೊತ್ತಿಗೆ ಹೆಂಗಸರು, ಮಕ್ಕಳು ಬೆಟ್ಟದ ಮೇಲೆ ಬಯಲಲ್ಲಿದ್ದರು. ಇದು ಯುದ್ಧ ಅಲ್ಲ, ಹಸಿವಿನಿಂದ ಮಣಿಸುವ ಲೆಕ್ಕಾಚಾರ. ಕೊನೆಗೆ ಅಫ್ರಿದಿಗಳ ಮೇಲೇ ದಂಡ ಹಾಕಿದರು: 50,000 ರೂಪಾಯಿ, 800 ಬಂದೂಕು. ಸುಟ್ಟ ಮನೆಗಳ ಲೆಕ್ಕ ಯಾರು ಕೊಡಬೇಕಿತ್ತು?

ಇದು ನಮಗೆ ದೂರದ ಮಾತೂ ಅಲ್ಲ. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ಯುದ್ಧ ಗೌರವಗಳ ಪಟ್ಟಿಯಲ್ಲಿ ತಿರಾ ಹೆಸರೂ ಇದೆ. ಆ ಕೆರೆ ಪಕ್ಕ ಓಡಾಡುವ ನಾವು ಸಾರಾಗಢಿಯ ಹೆಸರು ಹೇಳುತ್ತೇವೆ. ತಿರಾದ ಹೆಸರನ್ನೂ ಹೇಳಬೇಕು ಅಲ್ವಾ? ಗುರುಮುಖ್ ಸಿಂಗ್ ಬಗ್ಗೆ ನನ್ನ ಗೌರವ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ.