ಅಜ್ಜ ಕಂಡ ಬೆಂಕಿಯುಂಡೆ

ಸೋಮವಾರಪೇಟೆಯ ಬಳಿಯ ನಮ್ಮ ತೋಟಕ್ಕೆ, ಗಿಡಗಳಲ್ಲಿ ಹೂ ಅರಳಿಸುವ ಹೂಮಳೆ ಸುಮ್ಮನೆ ಬರುವುದು ಕಡಿಮೆ. ಗುಡುಗು ಸಿಡಿಲುಗಳನ್ನು ಕರೆದುಕೊಂಡೇ ಬರುತ್ತದೆ. ಅಂಥದೊಂದು ಸಂಜೆ ಕಣದ ಅಂಚಿನ ಸಿಲ್ವರ್ ಮರಕ್ಕೆ ಸಿಡಿಲು ಬಡಿದಾಗ, ಜಗಲಿಯಲ್ಲಿದ್ದ ಅಜ್ಜನಿಗೆ ತೆಂಗಿನಕಾಯಿ ಗಾತ್ರದ ನೀಲಿ ಬೆಂಕಿಯುಂಡೆಯೊಂದು ಅಂಗಳದ ಮೇಲೆ ತೇಲಿದ್ದು ಕಂಡಿತು. ಪಕ್ಕದಲ್ಲೇ ಕೂತು ಕರಿಮೆಣಸು ಬಿಡಿಸುತ್ತಿದ್ದ ಅಜ್ಜಿಗೆ ಏನೂ ಕಾಣಲಿಲ್ಲ. "ಕಣ್ಣು ಮುಚ್ಚಿದ್ರೂ ಕಾಣ್ತಾನೇ ಇತ್ತು" ಎಂಬ ಅಜ್ಜನ ಮಾತನ್ನು ನಾವು ಮೊಮ್ಮಕ್ಕಳು ನಕ್ಕು ಮರೆತಿದ್ದೆವು. ಮೆದುಳಿನ ಕಾಂತೀಯ ಪ್ರಚೋದನೆಯ ಬಗ್ಗೆ ಓದಿದ ಮೇಲೆ, ಇಡೀ ಕತೆಯಲ್ಲಿ ಆ ಮಾತೇ ಮುಖ್ಯ ಸಾಕ್ಷ್ಯವೆಂದು ನನಗೆ ತೋರುತ್ತಿದೆ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನವನ್ನು ವೈದ್ಯರು ಟಿಎಂಎಸ್ ಎನ್ನುತ್ತಾರೆ. ತಲೆಗೆ ತಾಗಿಸಿ ಹಿಡಿದ ತಾಮ್ರದ ಸುರುಳಿಯಲ್ಲಿ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಭಾರಿ ವಿದ್ಯುತ್ ಹರಿಸಿದರೆ ಸುಮಾರು 2 ಟೆಸ್ಲಾದಷ್ಟು ಕಾಂತಕ್ಷೇತ್ರ ಎದ್ದು ಬೀಳುತ್ತದೆ; ತಲೆಬುರುಡೆ ಅದನ್ನು ತಡೆಯುವುದಿಲ್ಲವಾದ್ದರಿಂದ ಒಳಗಿನ ನರಕೋಶಗಳಲ್ಲಿ ಸಣ್ಣದೊಂದು ವಿದ್ಯುತ್ ಹುಟ್ಟುತ್ತದೆ. ಸುರುಳಿಯನ್ನು ಹಿಂದಲೆಗೆ, ದೃಷ್ಟಿಯ ಭಾಗಕ್ಕೆ ನೇರವಾಗಿ ಹಿಡಿದಾಗ, ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಬೆಳಕು ಮಿನುಗಿದಂತೆ ಕಾಣುತ್ತದೆ. ಇದರ ಹೆಸರು ಫಾಸ್ಫೀನ್. ತಲೆಯ ಬಲಕ್ಕೆ ಹಿಡಿದರೆ ಬೆಳಕು ಎಡಗಡೆ ಕಾಣುತ್ತದೆ. ಚಲನೆಯನ್ನು ಗ್ರಹಿಸುವ ಭಾಗಕ್ಕೆ ಹಿಡಿದರೆ ಅದು ಚಲಿಸುತ್ತದೆ. ಕೆಲವರಿಗೆ, ನಮ್ಮ ಅಜ್ಜಿಯ ಹಾಗೆ, ಏನೂ ಕಾಣುವುದಿಲ್ಲ.

ಎದುರಿಗೆ ಇರುವುದನ್ನು ಅಳಿಸಿಹಾಕಲೂ ಇದೇ ಸುರುಳಿ ಸಾಕು. 1989ರಲ್ಲಿ ಅಮಾಸಿಯನ್ ಮತ್ತು ಸಂಗಡಿಗರು ಮೂರು ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ, 80ರಿಂದ 100 ಮಿಲಿಸೆಕೆಂಡ್ ಬಿಟ್ಟು ಹಿಂದಲೆಗೆ ಪ್ರಚೋದನೆ ಕೊಟ್ಟಾಗ, ನೋಡುತ್ತಿದ್ದವರಿಗೆ ಅಕ್ಷರಗಳು ಮಸುಕಾದವು ಅಥವಾ ಕಾಣಲೇ ಇಲ್ಲ. ಕಣ್ಣಿಗೆ ಬಿದ್ದ ಮೇಲೂ ಕಾಣುವ ಕೆಲಸ ಮುಗಿದಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆಯನ್ನು ನಾನು ಓದಿಲ್ಲ.

ಸಿಡಿಲಿಗೂ ಇದಕ್ಕೂ ಗಂಟು ಹಾಕಿದವರು ಆಸ್ಟ್ರಿಯಾದ ಇನ್ಸ್‌ಬ್ರಕ್‌ನ ಭೌತವಿಜ್ಞಾನಿಗಳಾದ ಪೀರ್ ಮತ್ತು ಕೆಂಡ್ಲ್. ಸಿಡಿಲು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಹೊಡೆದಾಗ ಅದರ ಕಾಂತಕ್ಷೇತ್ರದಿಂದ ಹತ್ತಿರವಿದ್ದವರಿಗೆ ಫಾಸ್ಫೀನ್ ಕಾಣಬಹುದು, ಸಿಡಿಲಿನ ಹೊತ್ತಿಗೆ ಕಂಡೆವೆಂದು ಜನ ಹೇಳುವ ಬೆಂಕಿಯುಂಡೆಯ ಕೆಲವು ವರದಿಗಳು ಅವೇ ಇರಬಹುದು ಎಂದು 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಎಲ್ಲವೂ ಅಲ್ಲ, 2012ರಲ್ಲಿ ಚೀನಾದ ಸಂಶೋಧಕರ ಕ್ಯಾಮೆರಾದಲ್ಲಿ ಅಂಥದೊಂದು ಉಂಡೆ ಸೆರೆಯಾಗಿ, ಅದರ ಬೆಳಕಿನಲ್ಲಿ ಮಣ್ಣಿನ ಸಿಲಿಕಾನ್, ಕಬ್ಬಿಣಗಳ ಗುರುತು ಸಿಕ್ಕಿತು. ಕ್ಯಾಮೆರಾಕ್ಕೆ ಮೆದುಳಿಲ್ಲವಲ್ಲ!

ಕಳೆದ ವಾರ ಅಜ್ಜನನ್ನು ಮತ್ತೆ ಕೇಳಿದೆ. "ಮರದ ಕಡೆ ತಿರುಗಿದೆ, ಅದೂ ನನ್ನ ಜೊತೆಗೇ ತಿರುಗಿತು" ಎಂದರು. ಹಾಗಾದರೆ ಅದು ಅಂಗಳದಲ್ಲಿ ಇರಲಿಲ್ಲ ಎಂದು ನಾನು ಉತ್ಸಾಹದಿಂದ ವಿವರಿಸಹೊರಟಾಗ, ಅಜ್ಜಿ ಮೊರದಿಂದ ತಲೆ ಎತ್ತದೆ, "ಸಿಡಿಲನ್ನೇ ನೆಟ್ಟು ನೋಡಿದ್ರೆ ಯಾರ ಕಣ್ಣಿಗಾದ್ರೂ ಹಾಗೇ ಆಗ್ತದೆ, ನಾನು ನೋಡ್ಲಿಲ್ಲ" ಎಂದುಬಿಟ್ಟರು.